ಬಿಳಿ ಚೀಲ, ನೀಲಿ ಚೀಲ

ನಮ್ಮ ಅಡುಗೆಮನೆಯ ಬಾಗಿಲ ಹಿಂದೆ ಒಂದೇ ಮೊಳೆಗೆ ಎರಡು ಚೀಲಗಳು ನೇತುಬಿದ್ದಿವೆ. ಒಂದು ಬಿಳಿ, ಇನ್ನೊಂದು ನೀಲಿ. ಎರಡೂ ಕಂಪ್ಯೂಟರ್ ಕಂಪನಿಯವರು ಕೊಟ್ಟವು. ಬಿಳಿಯದು ದಪ್ಪ ಕಾಗದದ್ದು. ಮೈಮೇಲೆ ಹೆಸರಿಲ್ಲ, ಮೂಲೆಯಲ್ಲಿ ಒಂದು ಸಣ್ಣ ಗುರುತು ಮಾತ್ರ. ಗೊತ್ತಿದ್ದವರಿಗೆ ಗೊತ್ತಾದರೆ ಸಾಕು ಎನ್ನುವ ಗತ್ತು. ಅದನ್ನು ನಾನು ದೇವಸ್ಥಾನಕ್ಕೆ ಹಣ್ಣುಕಾಯಿ ಕೊಂಡುಹೋಗಲು ಇಟ್ಟುಕೊಂಡಿದ್ದೇನೆ. ನೀಲಿಯದು ರೆಕ್ಸಿನ್ ಚೀಲ, ಕಂಪನಿಯ ಹೆಸರು ಎರಡೂ ಮಗ್ಗುಲಲ್ಲಿ ಬೋರ್ಡಿನ ಹಾಗೆ ಬರೆದಿದೆ. ಅದರಲ್ಲಿ ಮೀನು ತರುತ್ತೇನೆ. ಲ್ಯಾಪ್‌ಟಾಪ್ ಇಡುವ ಮೆತ್ತನೆಯ ಪದರದ ನಡುವೆ ಬಂಗುಡೆ ಬಹಳ ಸುಖವಾಗಿ ಬರುತ್ತದೆ, ಒಂದು ಹನಿ ನೀರು ಸೋರುವುದಿಲ್ಲ. ಚೀಲ ಹೊಲಿದವರು ಇದನ್ನೆಲ್ಲ ಯೋಚಿಸಿರಲಿಕ್ಕಿಲ್ಲ.

ನಿನ್ನೆ ನೀಲಿಯದನ್ನು ಎಳೆಯಲು ಹೋಗಿ ಬಿಳಿಯದರ ಹಿಡಿಕೆ ಕಿತ್ತುಬಂತು. ಅದನ್ನು ತೊಡೆಯ ಮೇಲಿಟ್ಟುಕೊಂಡು ಗೋಂದು ಹುಡುಕುವ ಬದಲು ಸುಮ್ಮನೆ ಕುಳಿತುಬಿಟ್ಟೆ. ಈಚೆಗೆ ನನಗೆ ಕುಳಿತುಕೊಳ್ಳಲು ದೊಡ್ಡ ಕಾರಣವೇನೂ ಬೇಕಾಗುವುದಿಲ್ಲ.

ನಾನು ಕಾಪುವಿನಲ್ಲಿ ಡಿಟಿಪಿ ಅಂಗಡಿ ಇಟ್ಟು ಇಪ್ಪತ್ತಾರು ವರ್ಷವಾಯಿತು. ಮದುವೆ ಕಾಗದ, ಹೊಸ ಮನೆ ಒಕ್ಕಲಿನ ಕಾಗದ, ಭಜನಾ ಮಂಡಳಿಯ ವರದಿ, ಉತ್ತರಕ್ರಿಯೆಯ ಕಾರ್ಡು, ಇವನ್ನೆಲ್ಲ ಕಂಪ್ಯೂಟರಿನಲ್ಲಿ ಜೋಡಿಸಿ ಪ್ರೆಸ್ಸಿಗೆ ಕಳಿಸುವುದು ನನ್ನ ಕೆಲಸ. ಹುಟ್ಟಿದವರನ್ನೂ ಸತ್ತವರನ್ನೂ ಒಂದೇ ಕೀಲಿಮಣೆಯಲ್ಲಿ ಕುಟ್ಟಿ ಕುಟ್ಟಿ ಬಲಗೈಯ ಮಣಿಕಟ್ಟು ಈಗ ಮಳೆ ಬರುವುದನ್ನು ಒಂದು ದಿನ ಮೊದಲೇ ಹೇಳುತ್ತದೆ. ಹೆಮ್ಮೆ ಪಡುವಂಥದ್ದು ನನ್ನಲ್ಲಿ ಒಂದೇ: ಈ ಇಪ್ಪತ್ತಾರು ವರ್ಷದಲ್ಲಿ ನಾನು ಮಾಡಿದ ಕಾಗದದಲ್ಲಿ ಒಂದು ಹೆಸರೂ ತಪ್ಪಿದ್ದಿಲ್ಲ. ಬೇಕಾದರೆ ಮುಹೂರ್ತದ ಲಗ್ನ ತಪ್ಪಲಿ, ಅದನ್ನು ಭಟ್ಟರು ಸರಿಮಾಡುತ್ತಾರೆ. ಹೆಸರು ತಪ್ಪಿದರೆ ಮೂರು ತಲೆಮಾರು ಮಾತು ಬಿಡುತ್ತದೆ. ಶಿರ್ವದ ದೊಡ್ಡ ಮನೆಗಳವರು ಕೂಡ ಪ್ರೂಫ್ ನೋಡದೆ, "ಸುಮತಿಯವರು ಮಾಡಿದ್ದಲ್ವಾ, ನೋಡುವುದೇನು?" ಎಂದು ಸಹಿ ಹಾಕಿಬಿಡುತ್ತಾರೆ. ಆ ಮಾತನ್ನು ನಾನು ಎಷ್ಟೋ ಸಲ ಮನಸ್ಸಿನಲ್ಲೇ ಸಿಹಿಯಂತೆ ಚಪ್ಪರಿಸಿದ್ದೇನೆ.

ಕಾಗದ ಮಾಡುವವಳಿಗೆ ಸಂಸಾರದ ಗುಟ್ಟು ಡಾಕ್ಟರಿಗಿಂತ ಮೊದಲು ತಿಳಿಯುತ್ತದೆ. ಬರೆದು ತಂದ ಹಾಳೆ ನೋಡಿದರೆ ಸಾಕು. ಯಾರ ಹೆಸರು ಮೇಲೆ, ಯಾರದು ಕೊನೆಗೆ, ಯಾರದು ಬೇರೆ ಪೆನ್ನಿನಲ್ಲಿ ಆಮೇಲೆ ಸೇರಿಸಿದ್ದು. ಕಳೆದ ಮದುವೆ ಕಾಲದಲ್ಲಿ ನಮ್ಮ ಊರಿನ ಸದಾನಂದಣ್ಣ ಮಗಳ ಮದುವೆಗೆಂದು ಬರೆದು ತಂದ ಹಾಳೆಯಲ್ಲಿ, "ತಮ್ಮ ಆಗಮನವನ್ನು ಬಯಸುವವರು" ಎಂಬುದರ ಕೆಳಗೆ ಮೊದಲ ಹೆಸರೇ ಅವರ ಅಣ್ಣ ವಿಠಲನದು. ಅದನ್ನು ಹೊಡೆದು ಹಾಕಿದ್ದರು. ಪಕ್ಕದಲ್ಲಿ ಮತ್ತೆ ಬರೆದಿದ್ದರು. ಮತ್ತೆ ಹೊಡೆದು ಹಾಕಿದ್ದರು.

ಕತೆ ನನಗೆ ಗೊತ್ತಿತ್ತು. ಹದಿನಾಲ್ಕು ವರ್ಷದ ಹಿಂದೆ ಅವರ ತಾಯಿಯ ಬೊಜ್ಜದಂದು, ಉತ್ತರಕ್ರಿಯೆಯ ಊಟದಲ್ಲಿ, ತಮ್ಮನಾದ ಇವರು ಎಂತದೋ ಒಂದು ಮಾತು ಹೇಳಿದರು, ಅಣ್ಣ ಅರ್ಧ ಎಲೆಯಿಂದ ಎದ್ದು ಕೈ ತೊಳೆದು ಬಜಗೋಳಿಯ ಸ್ವಂತ ಮನೆಗೆ ಹೋದವರು ಮತ್ತೆ ಈ ಕಡೆ ತಲೆ ಹಾಕಿಲ್ಲ. ಮಾತು ಯಾವುದೆಂದು ಈಗ ಇಬ್ಬರಿಗೂ ಸರಿಯಾಗಿ ನೆನಪಿಲ್ಲವಂತೆ.

"ಇದು ಬೇಕಾ, ಬೇಡವಾ?" ಎಂದು ಹೆಸರಿನ ಮೇಲೆ ಬೆರಳಿಟ್ಟು ಕೇಳಿದೆ.

"ಬೇಡ" ಎಂದರು ಸದಾನಂದಣ್ಣ, ಕಿಟಕಿಯ ಹೊರಗೆ ನೋಡುತ್ತ.

ಆ ಹಾಳೆ ಮೇಜಿನ ಮೇಲಿರುವಾಗಲೇ ನನ್ನ ಕಂಪ್ಯೂಟರ್ ಸತ್ತಿತು. ಒಂದು ಸಲ ಉಸ್ಸೆಂದಿತು, ಅಷ್ಟೇ. ರಿಪೇರಿಯವರು ಬಿಚ್ಚಿ ನೋಡಿ, "ಇದಕ್ಕೆ ಈಗ ಪಾರ್ಟು ಸಿಗುದಿಲ್ಲ ಅಕ್ಕ" ಎಂದು ಮುಚ್ಚಳ ಹಾಕಿದರು. ನನಗೆ ದುಃಖವಾಯಿತು ಎಂದರೆ ಸುಳ್ಳು. ಒಳಗೊಳಗೆ ಒಂದು ಬಗೆಯ ಬಿಡುಗಡೆಯೇ ಆಯಿತು. ಈಗ ಅರ್ಧ ಜನ ಕರೆಯೋಲೆಯನ್ನು ಮೊಬೈಲಿನಲ್ಲೇ ಮಾಡಿ ಕಳಿಸುತ್ತಾರೆ. ಕಣ್ಣು ಸೋತಿದೆ, ಮಣಿಕಟ್ಟು ಸೋತಿದೆ. ಹೊಸತು ತರುವುದೋ, ಬಾಗಿಲು ಎಳೆಯುವುದೋ ಎಂದು ಯೋಚಿಸುತ್ತ ಕುಳಿತೆ.

ಪಕ್ಕದ ಕೋಣೆಯಲ್ಲಿ ಜೋಹರಾಳ ಟೈಲರಿಂಗ್ ಅಂಗಡಿ. ಹನ್ನೊಂದು ಗಂಟೆಗೆ ನಾನು ಗೋಡೆಗೆ ಎರಡು ಸಲ ಬಡಿದರೆ ಚಾ ಕುಡಿಯುವ ಹೊತ್ತಾಯಿತು ಎಂದರ್ಥ. ಅವತ್ತು ನಾನು ಬಡಿಯಲಿಲ್ಲ. ಅವಳೇ ಟೇಪನ್ನು ಕುತ್ತಿಗೆಗೆ ಹಾಕಿಕೊಂಡೇ ಬಂದಳು.

"ಎಂತ ಸುಮತಿಯಕ್ಕ, ಮುಖ ಹೀಗೆ? ಮೆಷಿನ್ ಹೋದ್ರೆ ಮೆಷಿನ್ ತರುದಪ್ಪ. ನನ್ನದು ಎಷ್ಟು ಹೋಗ್ಲಿಲ್ಲ? ನಾಳೆ ಹೋಗುವ, ನಾನೂ ಬರ್ತೇನೆ. ನಿಮ್ಮನ್ನು ಒಬ್ಬರನ್ನೇ ಕಳಿಸಿದ್ರೆ ನೀವು ಅಂಗಡಿಯವರು ಹೇಳಿದ್ದಕ್ಕೆಲ್ಲ ತಲೆ ಆಡಿಸಿ ಬರ್ತೀರಿ."

ಹಾಗೆ ನಾವಿಬ್ಬರು ಉಡುಪಿಗೆ ಹೋಗಿ, ಅಲ್ಲಿಂದ ಬಸ್ಸು ಬದಲಿಸಿ ಮಣಿಪಾಲದ ಗುಡ್ಡ ಹತ್ತಿದೆವು. ಬಸ್ಸಿನಲ್ಲಿ ಅಪ್ಪನ ನೆನಪಾಯಿತು. ನಾನು ಹುಟ್ಟಿ ಬೆಳೆದದ್ದು ಕಾರ್ಕಳದಲ್ಲಿ. ಅಪ್ಪ ಪೋಸ್ಟ್‌ಮ್ಯಾನ್. ಆಗ ಪೇಟೆಯಲ್ಲಿ ಎರಡು ರೇಡಿಯೋ ಅಂಗಡಿಗಳಿದ್ದವು, ಎದುರುಬದುರು, ಬೇರೆ ಬೇರೆ ಕಂಪನಿಯವು. ಇವರು ಪ್ರದೇಶ ಸಮಾಚಾರ ಹಾಕಿದರೆ ಅವರು ಅದನ್ನೇ ಇನ್ನೂ ದೊಡ್ಡದಾಗಿ ಹಾಕುತ್ತಿದ್ದರು. ರಸ್ತೆಯಲ್ಲಿ ನಡೆಯುವವರಿಗೆ ಒಂದೇ ಸುದ್ದಿ ಎರಡು ಕಿವಿಗೆ ಬೇರೆ ಬೇರೆಯಾಗಿ ಬೀಳುತ್ತಿತ್ತು. ಅಪ್ಪ ಒಂದು ರೇಡಿಯೋ ತೆಗೆದುಕೊಳ್ಳಲು ಎರಡು ತಿಂಗಳು ಎರಡೂ ಅಂಗಡಿಗೆ ನಡೆದರು. ನನ್ನನ್ನೂ ಕರೆದೊಯ್ಯುತ್ತಿದ್ದರು. ಬಲಗಡೆಯವರು ಪುನರ್ಪುಳಿ ಶರಬತ್ತು ಕೊಡುತ್ತಿದ್ದರು, ಆದ್ದರಿಂದ ನನ್ನ ಮತ ಬಲಗಡೆಗೆ. ಎಡಗಡೆಯವರು ಏನೂ ಕೊಡುತ್ತಿರಲಿಲ್ಲ, ರೇಡಿಯೋದ ಬೆನ್ನು ಬಿಚ್ಚಿ ಒಳಗಿನ ಧೂಳು ಸಹಿತ ತೋರಿಸುತ್ತಿದ್ದರು. ಕೊನೆಗೆ ಅಪ್ಪ ಇಬ್ಬರಿಗೂ ಒಂದೇ ಪ್ರಶ್ನೆ ಕೇಳಿದರು: "ಹಾಳಾದ್ರೆ ಯಾರು ಬರುದು?" ಬಲಗಡೆಯವರು "ಕಂಪನಿಯವರು ಬರ್ತಾರೆ" ಎಂದರು. ಎಡಗಡೆಯವರು "ನಾನೇ ಬರುದು, ಮತ್ತೆ ಯಾರು?" ಎಂದರು. ನಾವು ಎಡಗಡೆಯ ರೇಡಿಯೋ ತಂದೆವು. ಅದು ಮೂರು ಸಲ ಹಾಳಾಯಿತು. ಮೂರು ಸಲವೂ ಅವರೇ ಸೈಕಲಿನಲ್ಲಿ ಬಂದು, ನಮ್ಮ ಮನೆಯಲ್ಲಿ ಗಂಜಿ ಉಂಡು, ಸರಿಮಾಡಿ ಹೋದರು. ಹಾಳಾಗದ ರೇಡಿಯೋ ಬಲಗಡೆಯ ಅಂಗಡಿಯಲ್ಲಿ ಇತ್ತೋ ಏನೋ, ನನಗೆ ಶರಬತ್ತು ತಪ್ಪಿದ ಸಿಟ್ಟು ಮಾತ್ರ ತುಂಬ ದಿನ ಇತ್ತು.

ಮಣಿಪಾಲದ ಬಿಳಿ ಅಂಗಡಿಯಲ್ಲಿ ಶರಬತ್ತಿರಲಿಲ್ಲ, ತಣ್ಣಗಿನ ಗಾಳಿ ಬೇಕಾದಷ್ಟಿತ್ತು. ಗೋಡೆ ಬಿಳಿ, ಮೇಜು ಬಿಳಿ, ಕಂಪ್ಯೂಟರಿಗೂ ಕಂಪ್ಯೂಟರಿಗೂ ನಡುವೆ ಒಂದು ಹೆಣ್ಣು ನೋಡುವ ಕಾರ್ಯಕ್ರಮ ಮಾಡುವಷ್ಟು ಜಾಗ. ಆದರೆ ಇಡೀ ಅಂಗಡಿಯಲ್ಲಿ ಒಂದು ಕುರ್ಚಿ ಇಲ್ಲ. ಮಂಡಿನೋವಿದ್ದವರು ಇಲ್ಲಿ ಬರುವುದಿಲ್ಲ ಎಂದು ಕಂಪನಿ ತೀರ್ಮಾನಿಸಿರಬೇಕು. ಚಂದದ ತರುಣನೊಬ್ಬ ಬಂದು, "ನಿಮ್ಮ ಯೂಸ್ ಏನು ಮೇಡಂ? ವೀಡಿಯೋ ಎಡಿಟಿಂಗಾ? ಮ್ಯೂಸಿಕ್ಕಾ?" ಎಂದು ಕೇಳಿದ.

"ಮದುವೆ ಕಾಗದ" ಎಂದೆ.

"ಓ, ಕ್ರಿಯೇಟಿವ್!" ಎಂದ. ಅವತ್ತಿಡೀ ದಿನ ಜೋಹರಾ ನನ್ನನ್ನು ಅದೇ ಹೆಸರಿನಿಂದ ಕರೆದಳು.

ಅವಳಿಗೆ ಯಾವ ಸಂಕೋಚವೂ ಇಲ್ಲ. ಕಂಪ್ಯೂಟರಿನ ಮುಚ್ಚಳವನ್ನು ಹೆಬ್ಬೆರಳು ತೋರುಬೆರಳಿನ ನಡುವೆ ಬಟ್ಟೆಯ ಹಾಗೆ ಉಜ್ಜಿ ನೋಡಿ, "ಮೇಲಿನ ಪೀಸ್ ಒಳ್ಳೆದುಂಟು. ಒಳಗೆ ಲೈನಿಂಗ್ ಹೇಗೆ?" ಎಂದಳು. ತರುಣ ನಕ್ಕು, ಅದರ ಒಳಗನ್ನು ತೆರೆಯುವ ಕ್ರಮ ಇಲ್ಲವೆಂದು ವಿವರಿಸಿದ. ಅಪ್ಪನಿದ್ದಿದ್ದರೆ ಅಲ್ಲಿಂದಲೇ ತಿರುಗುತ್ತಿದ್ದರು.

ನನಗೊಂದು ಅಭ್ಯಾಸ. ಯಾವ ಕೀಲಿಮಣೆ ಸಿಕ್ಕಿದರೂ ಪರೀಕ್ಷೆಗೆ ಒಂದು ಮದುವೆ ಕಾಗದ ಹೊಡೆದು ನೋಡುವುದು. ಬೇರೆಯವರು "ಹಲೋ" ಎಂದೋ ತಮ್ಮ ಹೆಸರೆಂದೋ ಹೊಡೆಯುತ್ತಾರೆ, ನನ್ನ ಬೆರಳಿಗೆ "ಶ್ರೀ ಗಣೇಶಾಯ ನಮಃ" ಬಿಟ್ಟರೆ ಬೇರೆ ಆರಂಭವಿಲ್ಲ. ತರುಣ ಪಾಪ ಹತ್ತು ನಿಮಿಷ ಹುಡುಕಿ ಆ ಯಂತ್ರದ ಹೊಟ್ಟೆಯಲ್ಲಿ ಎಲ್ಲೋ ಇದ್ದ ಕನ್ನಡವನ್ನು ಹೊರಗೆ ತಂದ. ನಾಲ್ಕು ಸಾಲು ಹೊಡೆದೆ. ಅಕ್ಷರ ಮುತ್ತಿನ ಹಾಗಿತ್ತು, ಸುಳ್ಳು ಹೇಳಬಾರದು.

"ಎಷ್ಟು ಬೇಕಾದ್ರೂ ಟೈಪ್ ಮಾಡಿ ಮೇಡಂ" ಎಂದ ಅವನು. "ಅಂಗಡಿ ಮುಚ್ಚಿದ ಮೇಲೆ ಎಲ್ಲ ತನ್ನಷ್ಟಕ್ಕೇ ಅಳಿಸಿ ಹೋಗ್ತದೆ. ಬೆಳಿಗ್ಗೆ ಪುನಃ ಹೊಸತರ ಹಾಗೆ ಇರ್ತದೆ."

ಒಳ್ಳೆಯ ಮನಸ್ಸಿನಿಂದಲೇ ಹೇಳಿದ್ದು. ನನಗೆ ಮಾತ್ರ ಕೈ ನಿಂತಿತು. "ಹಾಳಾದ್ರೆ ಯಾರು ಬರುದು?" ಎಂದು ಕೇಳಿದೆ. ಯಾರೂ ಬರಬೇಕಾಗಿಲ್ಲ, ಮೊಬೈಲಿನಲ್ಲಿ ಒಂದು ಆ್ಯಪ್ ಇದೆ, ಅದರಲ್ಲಿ ದೂರು ಹಾಕಿದರೆ ಆಯಿತು ಎಂದ. ಅಷ್ಟು ಹೊತ್ತು ನಿಲ್ಲಿಸಿಕೊಂಡದ್ದಕ್ಕೆ ಏನೂ ಕೊಳ್ಳದೆ ಹೊರಡಲು ನಾಚಿಕೆಯಾಗಿ, ಪರದೆ ಒರೆಸುವ ಒಂದು ತುಂಡು ಬಟ್ಟೆ ಕೊಂಡೆ. ಬಿಳಿ ಚೀಲ ಅದರ ಜತೆ ಬಂದದ್ದು. ಹೊರಗೆ ಬಂದು ಜೋಹರಾ ಆ ಬಟ್ಟೆಯನ್ನು ಬೆಳಕಿಗೆ ಹಿಡಿದು, "ಇಂಥದ್ದು ನನ್ನ ಅಂಗಡಿಯಲ್ಲಿ ಗುಡಿಸಿ ಬಿಸಾಡ್ತೇವೆ ಮಾರಾಯ್ತಿ" ಎಂದಳು.

ಮತ್ತೆ ಗುಡ್ಡ ಇಳಿದು ಉಡುಪಿಗೆ ಬಂದು, ಅಂಬಲಪಾಡಿಗೆ ಹೋಗುವ ದಾರಿಯಲ್ಲಿರುವ ದೊಡ್ಡ ಅಂಗಡಿಗೆ ಹೋದೆವು. ಅಲ್ಲಿ ಒಂದೇ ಹಾಲಿನಲ್ಲಿ ನಾಲ್ಕೈದು ಕಂಪನಿಗಳು. ಒಂದೊಂದಕ್ಕೆ ಒಂದೊಂದು ಬಣ್ಣದ ಅಂಗಿಯವರು. ಒಳಗೆ ಕಾಲಿಟ್ಟದ್ದೇ ಕೆಂಪು ಅಂಗಿ ಒಂದು ಕಡೆ, ಹಸಿರು ಅಂಗಿ ಇನ್ನೊಂದು ಕಡೆ, "ಮೇಡಂ, ಇಲ್ಲಿ ನೋಡಿ, ಇಲ್ಲಿ ನೋಡಿ" ಎಂದು ಬಸ್‌ಸ್ಟ್ಯಾಂಡಿನಲ್ಲಿ ಮಂಗಳೂರು ಬಸ್ಸಿಗೆ ಜನ ಹತ್ತಿಸುವವರ ಹಾಗೆ ಕರೆದರು. ಒಬ್ಬರು ಹೇಳುವ ಗುಣವನ್ನೇ ಇನ್ನೊಬ್ಬರು ದೋಷವೆಂದು ಹೇಳಿದರು. ನನಗೆ ತಲೆ ಸುತ್ತಿತು. ಆಗ ನೀಲಿ ಅಂಗಿ ತೊಟ್ಟ ಹೆಂಗಸೊಬ್ಬಳು ಏನೂ ಹೇಳದೆ ಒಂದು ಪ್ಲಾಸ್ಟಿಕ್ ಕುರ್ಚಿ ಎಳೆದು ತಂದಳು.

"ಕುಂದರ್ರಿ ಅಕ್ಕಾರ. ಮೊದ್ಲ ದಮ್ಮು ತಗೋರಿ."

ಅವಳ ಹೆಸರು ರೇಣುಕಾ. ಗದಗದ ಕಡೆಯವಳು. ಗಂಡನಿಗೆ ಇಲ್ಲಿ ಕಟ್ಟಡದ ಕೆಲಸ, ಇವಳು ಈ ಅಂಗಡಿ ಸೇರಿ ಮೂರು ವರ್ಷವಾಯಿತಂತೆ. ಕನ್ನಡವನ್ನು ಹುಡುಕಲು ಅವಳಿಗೆ ಹತ್ತು ನಿಮಿಷ ಬೇಕಾಗಲಿಲ್ಲ. ಅವಳ ಮೇಜಿನ ಯಂತ್ರ ಕನ್ನಡದಲ್ಲೇ ಇತ್ತು. ಯಾರೋ "ಅ ಆ ಇ ಈ" ಬರೆದು ಬಿಟ್ಟಿದ್ದರು.

ಕುರ್ಚಿ ಸಿಕ್ಕಿದ ಮೇಲೆ ನಾನು ನಾನಾದೆ. ಮಂಗಲದ ಸಾಲು, ವಧುವರರ ಹೆಸರು, ಮುಹೂರ್ತ, ಸಭಾಭವನ, ಊಟದ ಹೊತ್ತು, ಎಲ್ಲವನ್ನೂ ಪೂರ್ತಿ ಹೊಡೆದೆ. ಸದಾನಂದಣ್ಣನ ಹಾಳೆ ತಲೆಯಲ್ಲಿ ತಾಜಾ ಇತ್ತು, ಅದನ್ನೇ ಹೊಡೆದೆ. ರೇಣುಕಾ ಬೆನ್ನ ಹಿಂದೆ ನಿಂತು, "ಏನ್ ಸ್ಪೀಡ್ ಐತ್ರಿ ಯವ್ವಾ" ಎಂದಳು. ಹೊಗಳಿಕೆಗೆ ಉಬ್ಬಿ ಇನ್ನೂ ಜೋರಾಗಿ ಹೊಡೆದೆ. ಕೊನೆಗೆ ಅದೇ ಪ್ರಶ್ನೆ ಕೇಳಿದೆ.

"ಕೆಟ್ರ ನಾನ ಬರ್ತೀನ್ರಿ" ಎಂದಳು ರೇಣುಕಾ. "ನಂಗ ರಿಪೇರಿ ಬರಂಗಿಲ್ಲ. ಆದ್ರ ಬರೋರನ್ನ ಎಳಕೊಂಡು ಬರ್ತೀನಿ." ನನ್ನ ಫೋನ್ ನಂಬರ್ ಬರೆದುಕೊಂಡಳು.

ಅಷ್ಟಾದರೂ ನಾನು ಕೊಳ್ಳಲಿಲ್ಲ. ಎದ್ದು ನಿಂತಾಗ ಸೊಂಟ ಹಿಡಿಯಿತು, ಆ ನೋವಿನಲ್ಲೇ ನನಗೆ ನಿಶ್ಚಯವಾಯಿತು. ಯೋಚಿಸಿ ಹೇಳುತ್ತೇನೆ ಎಂದು ಹೊರಬಿದ್ದೆ. ಬಸ್ಸಿನಲ್ಲಿ, "ಜೋಹರಾ, ನಾನು ಅಂಗಡಿ ಮುಚ್ತೇನೆ. ಸಾಕಾಯ್ತು" ಎಂದೆ. ಅವಳು ಬಯ್ಯುತ್ತಾಳೆ ಎಂದುಕೊಂಡಿದ್ದೆ. ಕಟಪಾಡಿ ದಾಟುವ ತನಕ ಅವಳು ಟಿಕೇಟನ್ನು ಮಡಚುತ್ತ ಬಿಚ್ಚುತ್ತ ಇದ್ದಳು. ಆಮೇಲೆ, "ಮತ್ತೆ ನನ್ನ ಗೋಡೆಗೆ ಯಾರು ಬಡಿಯುದು?" ಎಂದಳು. ನನಗೆ ಅಳು ಬಂತು. ಆದರೂ ನಿಶ್ಚಯ ಬದಲಾಗಲಿಲ್ಲ. ಸದಾನಂದಣ್ಣನ ಹಾಳೆಯನ್ನು ಹಿಂದೆ ಕೊಟ್ಟು, ಬೇರೆ ಕಡೆ ಮಾಡಿಸಿಕೊಳ್ಳಿ ಎನ್ನುವುದು ಮಾತ್ರ ಬಾಕಿ ಇತ್ತು.

ನಾಲ್ಕನೆಯ ದಿನ ಅವರೇ ಬಂದರು. ಹಾಳೆ ಮಡಚಿ ಸಿದ್ಧವಾಗಿಟ್ಟಿದ್ದೆ. ಅವರು ಅದನ್ನು ನೋಡಲೇ ಇಲ್ಲ, ಮೊಬೈಲನ್ನು ನನ್ನ ಮುಂದೆ ಹಿಡಿದರು.

"ಸುಮತಿಯಕ್ಕ, ಇದು ನೀವು ಮಾಡಿದ್ದಾ?"

ಕಂಪ್ಯೂಟರ್ ಪರದೆಯ ಫೋಟೋ. ಪರದೆಯ ಮೇಲೆ ನಾನು ಹೊಡೆದ ಕಾಗದ. ಕೆಳಗೆ, "ತಮ್ಮ ಆಗಮನವನ್ನು ಬಯಸುವವರು", ಅದರ ಕೆಳಗೆ ಮೊದಲ ಹೆಸರು: ವಿಠಲ. ಎರಡು ಸಲ ಹೊಡೆದು ಹಾಕಿದ ಹೆಸರನ್ನು ನನ್ನ ಬೆರಳು ಎಲ್ಲರಿಗಿಂತ ಮೇಲೆ ಕೂರಿಸಿತ್ತು.

ನಡೆದದ್ದು ಇಷ್ಟು. ವಿಠಲಣ್ಣನ ಮಗಳು ಮಣಿಪಾಲದಲ್ಲಿ ನರ್ಸು. ಅವಳು ಲ್ಯಾಪ್‌ಟಾಪ್ ನೋಡಲು ಉಡುಪಿಯ ಆ ಅಂಗಡಿಗೆ ಹೋಗಿದ್ದಾಳೆ. ಪರದೆಯ ಮೇಲೆ ಚಿಕ್ಕಪ್ಪನ ಮಗಳ ಮದುವೆ ಕಾಗದ, ಅದರಲ್ಲಿ ತನ್ನ ಅಪ್ಪನ ಹೆಸರು. ಫೋಟೋ ತೆಗೆದು ಬಜಗೋಳಿಗೆ ಕಳಿಸಿದ್ದಾಳೆ. ನಮ್ಮಲ್ಲಿ ಕಾಗದದ ಮೊದಲ ಪ್ರತಿ ದೇವರ ಮುಂದೆ ಇಡಬೇಕು. ಎರಡನೆಯದನ್ನು ಮನೆಯ ಹಿರಿಯನ ಕೈಗೆ, ಅವನ ಮನೆಗೇ ಹೋಗಿ, ಕೊಡಬೇಕು. ಈ ಕಾಗದ ಅಚ್ಚಾಗುವ ಮೊದಲೇ, ದೇವರಿಗೂ ಮೊದಲೇ, ಅಣ್ಣನಿಗೆ ಮುಟ್ಟಿಬಿಟ್ಟಿತ್ತು.

"ನಿನ್ನೆ ಅಣ್ಣ ಈ ಫೋಟೋ ಕಳಿಸಿ ಫೋನ್ ಮಾಡಿದ" ಎಂದರು ಸದಾನಂದಣ್ಣ. "ಹದಿನಾಲ್ಕು ವರ್ಷ ಆದ ಮೇಲೆ. ಹೆಸರು ಹಾಕಿದ್ದೀಯಂತೆ, ಕರೆಯಲಿಕ್ಕೆ ಯಾವಾಗ ಬರ್ತೀ ಅಂತ ಕೇಳಿದ. ನಾನು ಎಂತ ಹೇಳುದು?"

ಇಪ್ಪತ್ತಾರು ವರ್ಷದಲ್ಲಿ ತಪ್ಪಿದ್ದು ಒಂದೇ ಒಂದು ಹೆಸರು. ಅದೂ ಮುಚ್ಚುವ ವಾರದಲ್ಲಿ. ಮಡಚಿಟ್ಟ ಹಾಳೆಯನ್ನು ಬಿಚ್ಚಿ ಹೊಡೆದು ಹಾಕಿದ ಹೆಸರು ತೋರಿಸಿದೆ. "ತಪ್ಪು ನನ್ನದು ಸದಾನಂದಣ್ಣ. ಅಣ್ಣನಿಗೆ ಹಾಗೇ ಹೇಳಿ. ನಾನು ಹಾಕಿದ್ದಲ್ಲ, ಕಾಗದ ಮಾಡಿದ ಸುಮತಿಯದು ತಪ್ಪಾಯ್ತು ಅಂತ ಹೇಳಿಬಿಡಿ. ಬೇಕಾದರೆ ನಾನೇ ಫೋನ್ ಮಾಡ್ತೇನೆ."

ಅವರು ಮೊಬೈಲನ್ನು ಕಿಸೆಗೆ ಹಾಕಿದರು. ಆಮೇಲೆ ಬೇಸತ್ತವರ ಹಾಗೆ ನಕ್ಕರು.

"ಎಂತ ಪ್ರಯೋಜನ? ನಿಮ್ಮದು ತಪ್ಪುದಿಲ್ಲ ಅಂತ ಇಡೀ ಊರಿಗೆ ಗೊತ್ತುಂಟಲ್ಲ. ಸುಮತಿಯಕ್ಕ ಹೆಸರು ತಪ್ಪಿದರು ಅಂತ ಹೇಳಿದ್ರೆ ಅಣ್ಣ ನಂಬ್ತಾನಾ? ನಾನೇ ಸುಳ್ಳು ಹೇಳುದು ಅಂತ ತಿಳ್ಕೊಳ್ತಾನೆ."

ನನ್ನ ಹೆಮ್ಮೆ ಇಂಥ ಕಡೆ ಕೈಕೊಡುತ್ತದೆ ಎಂದು ನಾನು ಎಣಿಸಿರಲಿಲ್ಲ. ಗೋಡೆಯ ಆ ಕಡೆ ಜೋಹರಾಳ ಮೆಷಿನ್ ಓಡುತ್ತಿತ್ತು, ನಿಂತಿತು, ಮತ್ತೆ ಓಡಿತು.

"ಹಾಗೇ ಪ್ರಿಂಟ್ ಮಾಡಿ" ಎಂದು ಎದ್ದರು ಸದಾನಂದಣ್ಣ. "ಆದಿತ್ಯವಾರ ಬಜಗೋಳಿಗೆ ಹೋಗ್ಬೇಕು. ಕಾಗದ ಬೇಕು."

ಅಂಗಡಿ ಮುಚ್ಚುತ್ತಿದ್ದೇನೆ ಎಂದು ಹೇಳಲು ನನಗೆ ಜಾಗವೇ ಇರಲಿಲ್ಲ. ಅವರು ಮೆಟ್ಟಿಲಿಳಿದದ್ದೇ ಗೋಡೆಗೆ ಎರಡು ಸಲ ಬಡಿದೆ. ಚಾ ಕುಡಿಯಲು ಬಂದ ಜೋಹರಾಳನ್ನು ಹಾಗೆಯೇ ಬಸ್ಸಿಗೆ ಹತ್ತಿಸಿದೆ.

ಅಂಬಲಪಾಡಿ ದಾರಿಯ ಅಂಗಡಿಯಲ್ಲಿ ನನ್ನ ಕಾಗದ ಇನ್ನೂ ಪರದೆಯ ಮೇಲಿತ್ತು. ಆದರೆ ಆ ಯಂತ್ರವನ್ನು ಮೇಜಿನ ಮಧ್ಯದಿಂದ ಕಂಬದ ಪಕ್ಕಕ್ಕೆ ಸರಿಸಲಾಗಿತ್ತು.

"ಇದನ್ನು ಯಾಕೆ ಅಳಿಸಲಿಲ್ಲ ರೇಣುಕಾ?" ಎಂದು ಕೇಳಿದೆ. ದನಿಯಲ್ಲಿ ಸಿಟ್ಟಿತ್ತೇನೋ.

ಅವಳು ಹೆದರಲಿಲ್ಲ, ಆಶ್ಚರ್ಯಪಟ್ಟಳು. "ಲಗ್ನಪತ್ರಿಕೆ ಐತಲ್ರಿ ಅಕ್ಕಾರ. ಅದನ್ಯಾರು ಅಳಸ್ತಾರ? ಮ್ಯಾನೇಜರ್ ಅಳಸಂದ್ರು, ಕೆಂಪಂಗಿಯವ್ರು ನಕ್ರು. ನಂಗ ಮನಸ್ಸಾಗ್ಲಿಲ್ಲ. ಲಗ್ನ ಆಗೂತನ ಅಳಸಬಾರದ್ರಿ, ಚಲೋ ಅಲ್ಲ."

ಬಿಳಿ ಅಂಗಡಿಯಲ್ಲಿ ಹೊಡೆದ ನಾಲ್ಕು ಸಾಲು ಅದೇ ಸಂಜೆ ಒರೆಸಿಹೋಗಿತ್ತು. ಈ ಗೌಜಿ ಗದ್ದಲದ ಅಂಗಡಿಯಲ್ಲಿ ಗುರುತುಪರಿಚಯವಿಲ್ಲದ ಯಾರದೋ ಮಗಳ ಮದುವೆಗೆ ವಿಘ್ನ ಬರಬಾರದೆಂದು ಒಬ್ಬಳು ಮ್ಯಾನೇಜರಿನ ಮಾತು ಮೀರಿ ನಿಂತಿದ್ದಳು. ಯಾವ ಕಂಪನಿಯ ಯಂತ್ರ ಒಳ್ಳೆಯದೋ ನನಗೆ ಇವತ್ತಿಗೂ ಗೊತ್ತಿಲ್ಲ. ನೀಲಿ ಕಂಪನಿಯದೇ ಕೊಡು ಎಂದೆ. ಪರದೆಯ ಕಾಗದವನ್ನು ಅವಳು ಹೊಸ ಯಂತ್ರಕ್ಕೆ ಇಳಿಸಿಕೊಟ್ಟಳು, ಮೇಜಿನ ಮೇಲಿನದನ್ನು ಹಾಗೆಯೇ ಉಳಿಸಿಕೊಂಡಳು. ಜೋಹರಾ ಅದರ ಜತೆ ಕೊಟ್ಟ ನೀಲಿ ಚೀಲದ ಹೊಲಿಗೆ ಎಳೆದು ನೋಡಿ, "ಡಬಲ್ ಸ್ಟಿಚ್. ತಗೊಳ್ಳಿ" ಎಂದು ಒಪ್ಪಿಗೆ ಕೊಟ್ಟಳು.

ಮದುವೆಗೆ ನಾನೂ ಜೋಹರಾಳೂ ಹೋದೆವು. ಧಾರೆ ನಾನು ನೋಡಿದ್ದು ಕಡಿಮೆ. ನನ್ನ ಕಣ್ಣು ವಿಠಲಣ್ಣನ ಮೇಲೇ ಇತ್ತು. ಅಣ್ಣತಮ್ಮ ಇಬ್ಬರೂ ಬಾಗಿಲಲ್ಲಿ ಅಕ್ಕಪಕ್ಕ ನಿಂತು ಜನರನ್ನು ಮಾತಾಡಿಸುತ್ತಿದ್ದರು, ಪರಸ್ಪರ ಒಂದು ಮಾತೂ ಆಡಲಿಲ್ಲ. ಊಟಕ್ಕೆ ವಿಠಲಣ್ಣ ಮೊದಲ ಪಂಕ್ತಿಯಲ್ಲಿ ಕುಳಿತರು. ನಾನು ಎದುರಿನ ಸಾಲಿನಲ್ಲಿ. ಸದಾನಂದಣ್ಣ ಪಾಯಸದ ಪಾತ್ರೆ ಹಿಡಿದು ತಾವೇ ಬಡಿಸುತ್ತ ಬಂದರು. ಅಣ್ಣನ ಎಲೆಯ ಮುಂದೆ ಸೌಟು ಒಂದು ಗಳಿಗೆ ನಿಂತಿತು. ವಿಠಲಣ್ಣ ತಲೆಯೆತ್ತಲಿಲ್ಲ, ಕೈ ಅಡ್ಡ ಹಿಡಿಯಲೂ ಇಲ್ಲ. ಪಾಯಸ ಎಲೆಗೆ ಬಿತ್ತು. ಸದಾನಂದಣ್ಣ ಮುಂದಿನ ಎಲೆಗೆ ಹೋದರು.

ಆಗ ನನ್ನ ಮೊಬೈಲ್ ಬಡಿದುಕೊಂಡಿತು. ಎಡಗೈಯಲ್ಲಿ ತೆಗೆದೆ. ರೇಣುಕಾ.

"ಅಕ್ಕಾರ, ಇವತ್ತ ಅಲ್ರಿ ತಾರೀಖು? ಲಗ್ನ ಮುಗೀತೇನ್ರಿ? ಮ್ಯಾನೇಜರ್ ಕಾಯಾಕತ್ತಾರ. ಈಗ ಅಳಸ್ಲೇನ್ರಿ?"

ವಿಠಲಣ್ಣ ಪಾಯಸ ಮುಗಿಸಿ ಮಜ್ಜಿಗೆಗೆ ಅನ್ನ ಹಾಕಿಸಿಕೊಳ್ಳುತ್ತಿದ್ದರು.

"ಸ್ವಲ್ಪ ತಡಿ ರೇಣುಕಾ" ಎಂದೆ. "ಒಬ್ಬರ ಊಟ ಇನ್ನೂ ಮುಗಿಯಲಿಲ್ಲ."